ಮೂಡಿಗೆರೆಯ ಡಾಕ್ಟರ್, ಒಂದು ಸಿಮ್ ಕಾರ್ಡ್ ಮತ್ತು ‘ಪೊಲೀಸ್ ಮೂಲಗಳು’

2007ರ ಜುಲೈ 2, ಸೋಮವಾರ ರಾತ್ರಿ. ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಊರಿಗೆ ಹೊರಟು ನಿಂತಿದ್ದ 27 ವರ್ಷದ ಡಾಕ್ಟರೊಬ್ಬರನ್ನು ಅಲ್ಲಿನ ಫೆಡರಲ್ ಪೊಲೀಸರು ಹಿಡಿದರು. ಹೆಸರು ಮೊಹಮ್ಮದ್ ಹನೀಫ್. ಊರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ. ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಇಂಗ್ಲೆಂಡಿನ ಲಿವರ್‌ಪೂಲ್ ಕಡೆ ಕೆಲಸ ಮಾಡಿ, 2006ರಿಂದ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿದ್ದವರು. ಬೆಂಗಳೂರಿನಲ್ಲಿ ಅವರ ಹೆಂಡತಿಗೆ ಆಪರೇಷನ್ ಮೂಲಕ ಹೆರಿಗೆಯಾಗಿ ಒಂದು ವಾರವೂ ಆಗಿರಲಿಲ್ಲ. ಮಗುವಿನ ಮುಖ ನೋಡಲು ಹೊರಟಿದ್ದ ಮನುಷ್ಯ, ವಿಮಾನ ಹತ್ತಲಿಲ್ಲ.

ಮೂಡಿಗೆರೆ ಎಂದರೆ ನಮಗೆ ದೂರದ ಊರಲ್ಲ. ಚಾರ್ಮಾಡಿ ಹತ್ತಿದರೆ ಸಿಗುತ್ತದೆ. ಕರಾವಳಿಯಿಂದ ಒಣಮೀನು, ಉಪ್ಪು ಕೊಂಡು ಘಟ್ಟ ಹತ್ತಿ, ಕಾಫಿ, ಕಾಳುಮೆಣಸು ಕೊಂಡು ಇಳಿದ ಬ್ಯಾರಿಗಳ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಆ ಕಡೆ ಅಂಗಡಿ ಇಟ್ಟಿದ್ದಾರೆ. ಮಂಜೇಶ್ವರ, ಉಪ್ಪಳದ ಕಡೆಯ ನಮ್ಮ ಮನೆಗಳಲ್ಲೂ ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿಂದ ತಂದವರು ಇದ್ದಾರೆ. ಹಾಗಾಗಿ ಆ ಜುಲೈಯಲ್ಲಿ ಈ ಸುದ್ದಿ ನಮ್ಮಲ್ಲಿ ಆಸ್ಟ್ರೇಲಿಯಾದ ಸುದ್ದಿಯಾಗಿ ಬರಲಿಲ್ಲ, ಘಟ್ಟದ ಮೇಲಿನ ಸುದ್ದಿಯಾಗಿ ಬಂತು. ನಾನು ಆಗ ಡಿಪ್ಲೊಮಾ ಓದುತ್ತಿದ್ದೆ. ಹಾಸ್ಟೆಲಿನ ಟಿವಿಯ ಎದುರು ಕೂತು ನೋಡಿದ್ದು ನೆನಪಿದೆ.

ಹನೀಫ್ ಅವರನ್ನು ಹಿಡಿಯಲು ಕಾರಣ ಏನು? ಅದಕ್ಕೆ ಎರಡು ದಿನ ಮೊದಲು, ಜೂನ್ 30ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ತುಂಬಿದ ಉರಿಯುವ ಜೀಪನ್ನು ಇಬ್ಬರು ನುಗ್ಗಿಸಿದ್ದರು. ಅದರಲ್ಲೊಬ್ಬ ಬೆಂಗಳೂರಿನ ಕಫೀಲ್ ಅಹ್ಮದ್. ಮೈಯೆಲ್ಲ ಸುಟ್ಟುಕೊಂಡು ಆಸ್ಪತ್ರೆ ಸೇರಿದ ಅವನು ಆಗಸ್ಟ್ 2ರಂದು ಸತ್ತ. ಆ ಕೃತ್ಯ ನಡೆದದ್ದು ನಿಜ, ಮಾಡಿದವರಲ್ಲೊಬ್ಬ ಬೆಂಗಳೂರಿನವನೇ ಎಂಬುದೂ ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಂಥ ವಿಷಯ ಬರೆಯುವಾಗ ನಮ್ಮವರಲ್ಲಿ ಕೆಲವರು ಎಲ್ಲವೂ ಕಟ್ಟುಕಥೆ ಎಂದು ಹೊರಡುತ್ತಾರೆ. ಅದು ಹನೀಫ್ ಅವರಂಥವರಿಗೆ ಉಪಕಾರವಲ್ಲ.

ಕಫೀಲನೂ ಅವನ ತಮ್ಮ ಸಬೀಲನೂ ಹನೀಫ್ ಅವರಿಗೆ ದೂರದ ಸಂಬಂಧದಲ್ಲಿ ಅಣ್ಣತಮ್ಮಂದಿರು. ಸಬೀಲ್ ಕೂಡ ಡಾಕ್ಟರ್, ಲಿವರ್‌ಪೂಲಿನಲ್ಲಿದ್ದವನು. 2006ರ ಜುಲೈಯಲ್ಲಿ ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಮೊಬೈಲ್ ಸಿಮ್ ಕಾರ್ಡನ್ನು ಈ ಸಬೀಲನ ಕೈಗೆ ಕೊಟ್ಟರು. ಅದರಲ್ಲಿ ಇನ್ನೂ ಮಾತಾಡುವ ನಿಮಿಷಗಳು ಉಳಿದಿದ್ದವು, ಹಾಳಾಗುವುದು ಬೇಡ ಎಂದು. ಒಂದು ವರ್ಷದ ನಂತರ ಅದೇ ಸಿಮ್ ಅವರ ಕುತ್ತಿಗೆಗೆ ಬಂತು.

ಈ ಸಿಮ್ ಕಾರ್ಡಿನ ವಿಷಯ ನಮ್ಮ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ದುಬೈಯಲ್ಲಿ, ದಮ್ಮಾಮಿನಲ್ಲಿ ಒಂದೇ ರೂಮಿನಲ್ಲಿ ಎಂಟು ಜನ ಇದ್ದ ಕಾಲ. ಒಬ್ಬ ಕ್ಯಾನ್ಸಲ್ ಆಗಿ ಊರಿಗೆ ಹೊರಟರೆ ಅವನ ಹಾಸಿಗೆ, ಕುಕ್ಕರ್, ಸಿಮ್ ಎಲ್ಲವೂ ಹೊಸದಾಗಿ ಬಂದವನಿಗೆ. ಕೊಡದೆ ಹೋದರೆ ಜಿಪುಣ ಎಂದು ಹೆಸರು. ನಮ್ಮ ಉಪ್ಪನ ಜೀನಸು ಅಂಗಡಿಯಲ್ಲಿ ಆ ವರ್ಷಗಳಲ್ಲಿ ಅಕ್ಕಿ ಬೇಳೆಯ ಜೊತೆ ರೀಚಾರ್ಜ್ ಕೂಪನ್ನು, ಸಿಮ್ಮೂ ಇತ್ತು. ಕೌಂಟರಿನ ಗಾಜಿನಡಿ ಸಾಲಾಗಿ ಜೋಡಿಸಿ ಇಡುತ್ತಿದ್ದರು. ರಜೆಗೆ ಬಂದ ಗಲ್ಫಿನವರು ಎರಡು ತಿಂಗಳಿಗೆಂದು ಸಿಮ್ ತೆಗೆಯುವರು, ಹೋಗುವಾಗ ತಂಗಿಗೋ ಭಾವನಿಗೋ ಕೊಟ್ಟು ಹೋಗುವರು. ಹನೀಫ್ ಸುದ್ದಿ ಬಂದ ವಾರ ಒಬ್ಬರು ಅಂಗಡಿಗೆ ಬಂದು, ತಾವು ಹಿಂದಿನ ವರ್ಷ ಅಳಿಯನಿಗೆ ಕೊಟ್ಟ ನಂಬರನ್ನು ತಮ್ಮ ಹೆಸರಿನಿಂದ ತೆಗೆಸಲು ಏನು ಮಾಡಬೇಕು ಎಂದು ಕೇಳಿದರಂತೆ. ಉಪ್ಪ ನಗಲಿಲ್ಲ. ಕಂಪೆನಿಯ ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡಿ ಕೇಳಿದರು.

ಇನ್ನು ಪೊಲೀಸ್ ಮತ್ತು ಪತ್ರಿಕೆಯ ವಿಷಯ. ಹನೀಫ್ ಅವರನ್ನು ಆರೋಪ ಹೊರಿಸದೆ 12 ದಿನ ಇಟ್ಟರು. ಆಸ್ಟ್ರೇಲಿಯಾದ ಭಯೋತ್ಪಾದನಾ ವಿರೋಧಿ ಕಾನೂನಿನಲ್ಲಿ ವಿಚಾರಣೆಯ ಗಂಟೆಗಳಿಗೆ ಮಿತಿ ಇತ್ತು, ಆದರೆ ಪೊಲೀಸರು ಮಾಹಿತಿ ಕಲೆಹಾಕುವ ಸಮಯವನ್ನು ಆ ಲೆಕ್ಕಕ್ಕೆ ಹಿಡಿಯದಿರಲು ಕೋರ್ಟಿನಿಂದ ಅನುಮತಿ ಪಡೆಯಬಹುದಿತ್ತು. ಗಡಿಯಾರ ನಿಲ್ಲಿಸಿ ಆಟ ಆಡಿದ ಹಾಗೆ. ಈ 12 ದಿನ ಒಳಗಿದ್ದ ಮನುಷ್ಯನಿಗೆ ಮಾತಿಲ್ಲ, ಹೊರಗೆ ಅವನ ಬಗ್ಗೆ ಮಾತಿಗೆ ಕೊನೆಯಿಲ್ಲ. ‘ಅಧಿಕಾರಿಗಳು ಹೇಳಿದರು’ ಎಂದು ಹೆಸರಿಲ್ಲದ ಸುದ್ದಿಗಳು ದಿನಾ ಬಂದವು. ಹೋಗುವ ಟಿಕೆಟು ಮಾತ್ರ ಇತ್ತು, ಬರುವ ಟಿಕೆಟು ಇರಲಿಲ್ಲ, ಅಂದರೆ ಓಡಿಹೋಗುತ್ತಿದ್ದ. ದಾಳಿ ಮಾಡಿದವರ ಜೊತೆ ಒಂದೇ ಮನೆಯಲ್ಲಿದ್ದ. ಗೋಲ್ಡ್ ಕೋಸ್ಟಿನ ಎತ್ತರದ ಕಟ್ಟಡವೊಂದನ್ನು ಉಡಾಯಿಸುವ ಸಂಚಿನ ತನಿಖೆ ನಡೆಯುತ್ತಿದೆ. ಈ ಕೊನೆಯದನ್ನು ಪೊಲೀಸ್ ಮುಖ್ಯಸ್ಥ ಮಿಕ್ ಕೀಲ್ಟಿ ಅವರೇ ಬಹಿರಂಗವಾಗಿ ಅಲ್ಲಗಳೆಯಬೇಕಾಯಿತು. ಅಲ್ಲಗಳೆದದ್ದು ಎಷ್ಟು ಜನಕ್ಕೆ ತಲುಪಿತು ಎಂಬುದು ಬೇರೆ ಮಾತು.

ಇಲ್ಲಿ ನಮ್ಮ ಕನ್ನಡ ಪತ್ರಿಕಾಭಾಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಬಲ್ಲ ಮೂಲಗಳು ತಿಳಿಸಿವೆ’. ಈ ಮೂರು ಪ್ರಯೋಗ ಇಲ್ಲದೆ ಅಪರಾಧದ ವರದಿ ಬರೆಯುವುದು ನಮ್ಮಲ್ಲಿ ಕಷ್ಟ. ಯಾರು ಎಂದರು, ಯಾರಿಗೆ ತಿಳಿದುಬಂತು, ಯಾವ ಮೂಲ, ಒಂದೂ ಇಲ್ಲ. ವ್ಯಾಕರಣದಲ್ಲೇ ಕರ್ತೃವನ್ನು ಮಾಯ ಮಾಡುವ ಸೌಕರ್ಯ ಇದೆ. ‘ಶಂಕಿತ ಉಗ್ರ’ ಎಂಬ ಜೋಡುಪದವೂ ಹಾಗೆಯೇ. ಮೊದಲ ದಿನದ ಶೀರ್ಷಿಕೆಯಲ್ಲಿ ಎರಡೂ ಪದ ಇರುತ್ತವೆ. ನಾಲ್ಕನೇ ದಿನ ಜಾಗ ಸಾಲದೆ ಮೊದಲನೆಯದು ಬಿದ್ದುಹೋಗುತ್ತದೆ. ಬಿಡುಗಡೆಯಾದ ದಿನ ಎರಡೂ ಇರುವುದಿಲ್ಲ, ಹಲವು ಸಲ ಸುದ್ದಿಯೇ ಇರುವುದಿಲ್ಲ.

ಜುಲೈ 14ರಂದು ಆರೋಪ ಹೊರಿಸಿದರು. ಭಯೋತ್ಪಾದಕ ಸಂಘಟನೆಗೆ ‘ಅಜಾಗರೂಕತೆಯಿಂದ’ ನೆರವು ನೀಡಿದ ಆರೋಪ. 15 ವರ್ಷದವರೆಗೆ ಜೈಲು ಆಗಬಹುದಾದದ್ದು. ನೆರವು ಎಂದರೆ ಆ ಸಿಮ್. ಅದು ಗ್ಲಾಸ್ಗೋದ ಉರಿದ ಜೀಪಿನೊಳಗೆ ಸಿಕ್ಕಿದೆ ಎಂದು ಸರಕಾರದ ಕಡೆಯ ವಕೀಲರು ಕೋರ್ಟಿನಲ್ಲಿ ಹೇಳಿದರು. ಕೇಳಿದವರಿಗೆ ಅಲ್ಲಿಗೆ ಸಂಶಯ ಮುಗಿಯಿತು. ಬಾಂಬ್ ಜೀಪಿನೊಳಗೆ ಇವನ ಸಿಮ್ ಇದ್ದರೆ ಇನ್ನೇನು ಬೇಕು?

ಆದರೆ ಸಿಮ್ ಜೀಪಿನಲ್ಲಿ ಇರಲಿಲ್ಲ. ಜುಲೈ 20ರಂದು ಎ.ಬಿ.ಸಿ. ಎಂಬ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ವರದಿಗಾರ ರಫಾಯೆಲ್ ಎಪ್‌ಸ್ಟೈನ್ ಅದನ್ನು ಹೊರತಂದರು. ಸಿಮ್ ಇದ್ದದ್ದು ಲಿವರ್‌ಪೂಲಿನಲ್ಲಿ, ಸಬೀಲನ ಬಳಿ. ಗ್ಲಾಸ್ಗೋದಿಂದ ಮುನ್ನೂರು ಕಿಲೋಮೀಟರಿಗೂ ದೂರ. ಅಂದರೆ ಕೊಟ್ಟವನಲ್ಲಿಗೆ ಕೊಟ್ಟದ್ದು ಹೋಗಿ ಅಲ್ಲೇ ಇತ್ತು, ಅಷ್ಟೆ. ಸಬೀಲ್ ಮೇಲೆ ಕೊನೆಗೆ ನಿಂತದ್ದು ಮಾಹಿತಿ ಮುಚ್ಚಿಟ್ಟ ಆರೋಪ. ಅಣ್ಣನ ಇಮೇಲನ್ನು ದಾಳಿ ನಡೆದ ಮೇಲೆ ಓದಿ ಪೊಲೀಸರಿಗೆ ತಿಳಿಸದೆ ಇದ್ದುದಕ್ಕೆ. 2008ರಲ್ಲಿ ತಪ್ಪೊಪ್ಪಿ 18 ತಿಂಗಳ ಶಿಕ್ಷೆ ಪಡೆದು ಭಾರತಕ್ಕೆ ಬಂದ.

ಇನ್ನೊಂದು ಸೋರಿಕೆ ಇದೆ. ಅದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಪೊಲೀಸರ ಮಾತೇ ದಿನಾ ಬರುತ್ತಿದ್ದಾಗ ಹನೀಫ್ ಅವರ ವಕೀಲ ಸ್ಟೀಫನ್ ಕೀಮ್, ಪೊಲೀಸರು ಜುಲೈ 3ರಂದು ಮಾಡಿದ ಮೊದಲ ವಿಚಾರಣೆಯ ಬರಹರೂಪವನ್ನು, ಪೂರ್ತಿ 142 ಪುಟ, ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ಹೆಡ್ಲಿ ಥಾಮಸ್ ಎಂಬ ಪತ್ರಕರ್ತರಿಗೆ ಕೊಟ್ಟರು. ಜುಲೈ 18ರಂದು ಅದು ಪ್ರಕಟವಾಯಿತು. ಯಾರು ಕೊಟ್ಟದ್ದು ಎಂದು ದೇಶವೆಲ್ಲ ಹುಡುಕುವಾಗ, ನಾನೇ ಕೊಟ್ಟದ್ದು ಎಂದು ಕೀಮ್ ಹೇಳಿದರು. ಪ್ರಧಾನಿ ಜಾನ್ ಹೋವರ್ಡ್ ಅದನ್ನು ಖಂಡಿಸಿದರು. ಪೊಲೀಸ್ ಮುಖ್ಯಸ್ಥ ಕೀಲ್ಟಿ ವಕೀಲರ ಮೇಲ್ವಿಚಾರಣಾ ಸಂಸ್ಥೆಗೆ ದೂರು ಕೊಟ್ಟರು. ದೂರು ನಿಲ್ಲಲಿಲ್ಲ. ಮುಂದೆ ಕೀಮ್ ಅವರಿಗೆ ಆಸ್ಟ್ರೇಲಿಯಾದ ಮಾನವ ಹಕ್ಕು ಪದಕವೂ, ಥಾಮಸ್ ಅವರಿಗೆ ಆ ದೇಶದ ದೊಡ್ಡ ಪತ್ರಿಕಾ ಪ್ರಶಸ್ತಿಯಾದ ಗೋಲ್ಡ್ ವಾಕ್ಲಿಯೂ ಸಿಕ್ಕಿತು.

ಆ 142 ಪುಟದಲ್ಲಿ ಏನಿತ್ತು? ಬರುವ ಟಿಕೆಟು ಯಾಕೆ ಇಲ್ಲ ಎಂಬುದಕ್ಕೆ ಹನೀಫ್ ವಿವರಣೆ ಕೊಡಲಿಲ್ಲ ಎಂದು ಪೊಲೀಸರು ಕೋರ್ಟಿಗೆ ಬರೆದು ಕೊಟ್ಟಿದ್ದರು. ಪುಟ ತಿರುವಿದರೆ ವಿವರಣೆ ಅಲ್ಲೇ ಇದೆ: ಮಗು ಹುಟ್ಟಿದೆ, ಮಾವ ಟಿಕೆಟ್ ಮಾಡಿಸಿಕೊಟ್ಟಿದ್ದಾರೆ, ಬರುವುದನ್ನು ಅಲ್ಲಿಂದ ಮಾಡಿಸುತ್ತೇನೆ. ಕಫೀಲ್, ಸಬೀಲರ ಜೊತೆ ಒಂದೇ ಮನೆಯಲ್ಲಿದ್ದ ಎಂದು ಬರೆದಿದ್ದರು. ಹನೀಫ್ ಹೇಳಿದ್ದು ಹಾಗಲ್ಲ. ತನ್ನ ಸಿಮ್ ವಿಷಯ ಏನೋ ಆಗಿದೆ ಎಂದು ಊರಿನಿಂದ ತಿಳಿದಾಗ, ಬಂಧನಕ್ಕೆ ಮೊದಲೇ, ಇಂಗ್ಲೆಂಡಿನ ಪೊಲೀಸ್ ಅಧಿಕಾರಿಯೊಬ್ಬರ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದರು, ಅತ್ತ ಯಾರೂ ಎತ್ತಿರಲಿಲ್ಲ ಎಂಬುದೂ ಅದರಲ್ಲಿತ್ತು. ಓಡಿಹೋಗುವವನು ಪೊಲೀಸರಿಗೆ ಫೋನ್ ಮಾಡುತ್ತಾನೆಯೇ?

ಪೊಲೀಸರ ಸೋರಿಕೆ ತಪ್ಪು, ವಕೀಲರದ್ದು ಸರಿ ಎನ್ನುವುದು ಯಾವ ನ್ಯಾಯ ಎಂದು ನನ್ನ ಸ್ನೇಹಿತನೊಬ್ಬ ಕೇಳಿದ್ದ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ವರ್ಕ್‌ಶಾಪಿನಿಂದ ಬರುತ್ತದೆ. ಡ್ರಾಯಿಂಗಿನಲ್ಲಿ ಒಂದು ಭಾಗದ ಎದುರಿನ ನೋಟ ಮಾತ್ರ ಕೊಟ್ಟರೆ ಅದು ಉರುಟಾದ ಕೊಳವೆಯೋ, ಚೌಕದ ತುಂಡೋ ಹೇಳಲಾಗದು. ಬದಿಯ ನೋಟ, ಮೇಲಿನ ನೋಟ, ಕೊಯ್ದ ನೋಟ ಎಲ್ಲ ಬೇಕು. ಪೊಲೀಸ್ ಮೂಲಗಳು ಕೊಟ್ಟದ್ದು ತಮಗೆ ಬೇಕಾದ ಒಂದು ನೋಟ, ಹೆಸರು ಹೇಳದೆ. ಕೀಮ್ ಕೊಟ್ಟದ್ದು ಇಡೀ ಹಾಳೆ, ಹೆಸರು ಹೇಳಿ. ಅದರಲ್ಲಿ ತನ್ನ ಕಕ್ಷಿದಾರನಿಗೆ ಆಗದ ಮಾತು ಇದ್ದರೂ ಓದುವವನ ಕಣ್ಣಿಗೆ ಬೀಳುತ್ತಿತ್ತು. ಮತ್ತೆ, ಒಬ್ಬನ ಕೈಯಲ್ಲಿ ಬೀಗದ ಕೈ ಇದೆ, ಇನ್ನೊಬ್ಬ ಬೀಗದ ಒಳಗಿದ್ದಾನೆ. ಇಬ್ಬರ ಮಾತಿನ ತೂಕ ಒಂದೇ ತಕ್ಕಡಿಯಲ್ಲಿ ಹಾಕಲು ನನಗೆ ಆಗುವುದಿಲ್ಲ.

ಮುಂದಿನದ್ದು ಬೇಗ ಹೇಳುತ್ತೇನೆ. ಜುಲೈ 16ರಂದು ಮ್ಯಾಜಿಸ್ಟ್ರೇಟ್ 10,000 ಡಾಲರ್ ಭದ್ರತೆಯ ಮೇಲೆ ಜಾಮೀನು ಕೊಟ್ಟರು. ಕೆಲವೇ ಗಂಟೆಯಲ್ಲಿ ವಲಸೆ ಮಂತ್ರಿ ಕೆವಿನ್ ಆಂಡ್ರೂಸ್ ‘ನಡತೆ’ಯ ಕಾರಣ ಹೇಳಿ ವೀಸಾ ರದ್ದು ಮಾಡಿದರು. ಹೊರಗೆ ಬಂದರೆ ವಲಸೆ ಇಲಾಖೆಯ ಬಂಧನ, ಒಳಗಿದ್ದರೆ ಜೈಲು. ಜುಲೈ 27ರಂದು ಸಾಕ್ಷ್ಯ ಇಲ್ಲವೆಂದು ಆರೋಪ ಕೈಬಿಟ್ಟರು. 29ರಂದು ಹನೀಫ್ ಬೆಂಗಳೂರಿಗೆ ಬಂದಿಳಿದರು. ಅಷ್ಟಕ್ಕೆ ಬಿಟ್ಟರೇ? ಅವರು ಬಂದ ಎರಡೇ ದಿನದಲ್ಲಿ ಮಂತ್ರಿ, ಹನೀಫ್ ಮತ್ತು ತಮ್ಮನ ನಡುವಿನ ಇಂಟರ್‌ನೆಟ್ ಮಾತುಕತೆಯ ಆಯ್ದ ಸಾಲುಗಳನ್ನು ಪತ್ರಿಕೆಯವರ ಮುಂದೆ ಓದಿದರು, ತನ್ನ ತೀರ್ಮಾನ ಸರಿ ಎಂದು ತೋರಿಸಲು. ಕೇಸೇ ಇಲ್ಲದ ಮನುಷ್ಯನ ಖಾಸಗಿ ಮಾತು. ಅದೂ ಆಯ್ದದ್ದು.

ಆಗಸ್ಟಿನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಸ್ಪೆಂಡರ್ ವೀಸಾ ರದ್ದತಿಯನ್ನು ಹೊಡೆದುಹಾಕಿದರು, ಡಿಸೆಂಬರಿನಲ್ಲಿ ಮೇಲಿನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಸರಕಾರ ಬದಲಾಯಿತು. ಹೊಸ ಸರಕಾರ ನೇಮಿಸಿದ ಜಾನ್ ಕ್ಲಾರ್ಕ್ ವಿಚಾರಣೆಯ ವರದಿ 2008ರ ಡಿಸೆಂಬರಿನಲ್ಲಿ ಹೊರಬಂತು. ಆರೋಪ ಹೊರಿಸಿದ್ದೇ ತಪ್ಪು, ಸಾಕ್ಷ್ಯದಲ್ಲಿ ಹುರುಳೇ ಇರಲಿಲ್ಲ ಎಂದು ಅದರಲ್ಲಿ ಬರೆದಿದೆ. ಆ ದೇಶದ ಗುಪ್ತಚರ ಸಂಸ್ಥೆಯೇ, ದಾಳಿಯ ಬಗ್ಗೆ ಈತನಿಗೆ ಮೊದಲೇ ಗೊತ್ತಿತ್ತು ಎನ್ನಲು ಮಾಹಿತಿ ಇಲ್ಲವೆಂದು ಆ ಜುಲೈಯಲ್ಲೇ ಸರಕಾರಕ್ಕೆ ತಿಳಿಸಿತ್ತು ಎಂಬುದೂ ಹೊರಬಂತು. ನನಗೆ ಅತ್ಯಂತ ಸಿಟ್ಟು ಬರುವುದು ಇಲ್ಲಿ. ಇಷ್ಟೊಂದು ಸೋರಿತಲ್ಲ, ಈ ಒಂದು ಕಾಗದ ಮಾತ್ರ ಯಾಕೆ ಸೋರಲಿಲ್ಲ? 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಸರಕಾರ ಪರಿಹಾರ ಕೊಟ್ಟು ಮುಗಿಸಿತು, ಮೊತ್ತ ಗುಟ್ಟಾಗಿಯೇ ಇಟ್ಟಿತು. ಅಷ್ಟು ಹೊತ್ತಿಗೆ ಹನೀಫ್ ಅವರು ನಮ್ಮೆಲ್ಲರ ಹಾಗೆ ಯು.ಎ.ಇ.ಗೆ ಹೋಗಿ ದುಡಿಯುತ್ತಿದ್ದರು.

ಇತ್ತ ಬೆಂಗಳೂರಿನಲ್ಲಿ ನಡೆದದ್ದನ್ನು ಮರೆಯಬಾರದು. ಪೊಲೀಸರು ಆಸ್ಟ್ರೇಲಿಯಾದವರು, ಆದರೆ ಮನೆಯ ಬಾಗಿಲಿಗೆ ಬಂದ ಕ್ಯಾಮರಾಗಳು ನಮ್ಮವೇ. ಬಾಣಂತಿ ಹೆಂಗಸು, ಹತ್ತು ದಿನದ ಕೂಸು, ಹೊರಗೆ ಓಬಿ ವ್ಯಾನ್‌ಗಳ ಸಾಲು. ನಮ್ಮಲ್ಲಿ ನಲವತ್ತು ದಿನ ಬಾಣಂತಿಯ ಕೋಣೆಗೆ ಹೊರಗಿನವರು ಹೋಗುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ಆ ಹುಡುಗಿ ಆ ದಿನಗಳನ್ನು ಮೈಕಿನ ಎದುರು ಗಂಡನ ಪರ ಮಾತಾಡುತ್ತಾ ಕಳೆದಳು. ಮಾತಾಡದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನುವರು. ಮಾತಾಡಿದರೆ ಅದರಲ್ಲಿ ಒಂದು ಸಾಲು ಕತ್ತರಿಸಿ ಸಂಜೆಯ ಚರ್ಚೆಗೆ ಹಾಕುವರು.

ಇದೆಲ್ಲ 2007ರಲ್ಲಿ, ಟಿವಿ ಬಂದ ಮೇಲೆ ಶುರುವಾದದ್ದು ಎಂದು ಯಾರಾದರೂ ತಿಳಿದರೆ, ನಾವು ಇರುವ ಕೇರಳದಲ್ಲೇ 13 ವರ್ಷ ಹಿಂದಿನ ಒಂದು ಕತೆ ಇದೆ. 1994ರ ಅಕ್ಟೋಬರ್ 20ರಂದು ತಿರುವನಂತಪುರದಲ್ಲಿ ಮರಿಯಂ ರಶೀದಾ ಎಂಬ ಮಾಲ್ದೀವ್ಸ್ ಹೆಂಗಸನ್ನು ವೀಸಾ ಅವಧಿ ಮೀರಿ ಉಳಿದದ್ದಕ್ಕೆ ಹಿಡಿದರು. ಒಂದು ತಿಂಗಳೊಳಗೆ ಅದು ಇಸ್ರೋ ಗೂಢಚರ್ಯೆಯ ಕೇಸಾಯಿತು. ಫೌಝಿಯಾ ಹಸನ್ ಎಂಬ ಇನ್ನೊಬ್ಬಾಕೆ, ವಿಜ್ಞಾನಿಗಳಾದ ಶಶಿಕುಮಾರನ್ ಮತ್ತು ನಂಬಿ ನಾರಾಯಣನ್, ಬೆಂಗಳೂರಿನ ಕೆ. ಚಂದ್ರಶೇಖರ್ ಮತ್ತು ಎಸ್.ಕೆ. ಶರ್ಮಾ, ಒಟ್ಟು ಆರು ಜನ ಒಳಗೆ ಹೋದರು. ಚಂದ್ರಶೇಖರ್ ಅವರು ರಷ್ಯಾದ ಗ್ಲಾವ್‌ಕಾಸ್ಮೋಸ್ ಕಂಪೆನಿಯ ಭಾರತದ ಪ್ರತಿನಿಧಿ. ಆ ಕಂಪೆನಿಯಿಂದಲೇ ಭಾರತ ಕ್ರಯೋಜೆನಿಕ್ ಎಂಜಿನ್ ತರಿಸಲು ಒಪ್ಪಂದ ಮಾಡಿಕೊಂಡದ್ದು.

ಆಗ ದಿನವಿಡೀ ಸುದ್ದಿ ಹೇಳುವ ಟಿವಿ ಚಾನೆಲ್ ಇರಲಿಲ್ಲ, ಮಲಯಾಳಂ ಪತ್ರಿಕೆಗಳಿದ್ದವು. ಪೊಲೀಸ್ ಠಾಣೆಯಿಂದ ಸೋರಿದ್ದು ಮರುದಿನ ಧಾರಾವಾಹಿಯಾಗಿ ಬರುತ್ತಿತ್ತು. ನನಗೆ ಆಗ ಓದಲು ಬರುತ್ತಿರಲಿಲ್ಲ. ಆದರೆ ಉಪ್ಪ ಹೇಳುತ್ತಾರೆ, ಪೊಟ್ಟಣ ಕಟ್ಟಲು ತಂದ ರದ್ದಿ ಕಾಗದವನ್ನು ಗಿರಾಕಿಗಳು ಬಿಡಿಸಿ ಓದುತ್ತಾ ನಿಲ್ಲುತ್ತಿದ್ದ ಕಾಲ ಅದು ಎಂದು. ರಾಕೆಟಿನ ಗುಟ್ಟಿಗಿಂತ ಹೆಚ್ಚು ಬಂದದ್ದು ಆ ಇಬ್ಬರು ಹೆಂಗಸರ ಮೈ, ಉಡುಪು, ನಡತೆಯ ವರ್ಣನೆ. ಹೆಂಗಸು, ಪರದೇಶದವಳು, ಮುಸ್ಲಿಂ. ಮೂರೂ ಒಟ್ಟಿಗೆ ಸಿಕ್ಕಿದ ಮೇಲೆ ಬರೆಯುವವರ ಲೇಖನಿಗೆ ತಡೆ ಇರಲಿಲ್ಲ.

ಆರೋಪದ ಮುಖ್ಯ ಭಾಗವನ್ನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಯಾವ ಹುಡುಗನೂ ನಂಬಲಾರ. ಕ್ರಯೋಜೆನಿಕ್ ಎಂಜಿನಿನ ಡ್ರಾಯಿಂಗ್ ಮಾರಿದರು ಎಂದು. ದ್ರವ ಹೈಡ್ರೋಜನ್ ಮೈನಸ್ 253 ಡಿಗ್ರಿಯಲ್ಲಿ ಇರಬೇಕು, ದ್ರವ ಆಮ್ಲಜನಕ ಮೈನಸ್ 183ರಲ್ಲಿ. ಆ ಚಳಿಯಲ್ಲಿ ಮುರಿಯದ ಲೋಹ ಬೇಕು, ಅದನ್ನು ಬೆಸೆಯುವ ಕೈ ಬೇಕು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪಂಪು ಬೇಕು, ವರ್ಷಗಟ್ಟಲೆ ಪರೀಕ್ಷೆ ಬೇಕು. ಕಾಗದ ಕೊಂಡುಹೋದರೆ ಎಂಜಿನ್ ಆಗುವುದಿಲ್ಲ. ಒಂದು ಗೇರ್ ಬಾಕ್ಸಿನ ಡ್ರಾಯಿಂಗ್ ಕೈಯಲ್ಲಿ ಹಿಡಿದು ಇನ್ನೊಂದು ವರ್ಕ್‌ಶಾಪಿನಲ್ಲಿ ಅದೇ ಗೇರ್ ಬಾಕ್ಸ್ ತೆಗೆಯಲು ಪಟ್ಟ ಪಾಡು ನಾನು ನೋಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ, 1994ರಲ್ಲಿ ಭಾರತದ ಬಳಿ ಆ ತಂತ್ರಜ್ಞಾನವೇ ಇರಲಿಲ್ಲ! ನಮ್ಮದೇ ಕ್ರಯೋಜೆನಿಕ್ ಎಂಜಿನ್ ಇಟ್ಟ ರಾಕೆಟ್ ಮೊದಲ ಬಾರಿ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಇಲ್ಲದ ವಸ್ತುವನ್ನು ಮಾರಿದ ಕೇಸು ಅದು.

ಸಿ.ಬಿ.ಐ. 1996ರಲ್ಲಿ ಎಲ್ಲ ಆರೋಪ ಸುಳ್ಳು ಎಂದು ವರದಿ ಕೊಟ್ಟಿತು, ಕೋರ್ಟು ಒಪ್ಪಿತು. ಆದರೂ ರಾಜ್ಯ ಸರಕಾರ ಮತ್ತೆ ತನ್ನ ಪೊಲೀಸರಿಂದ ತನಿಖೆ ಮಾಡಿಸಲು ಹೊರಟಿತು. 1998ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಹೊತ್ತಿಗೆ ಮಾಲ್ದೀವ್ಸಿನ ಆ ಹೆಂಗಸರು ಮೂರು ವರ್ಷಕ್ಕೂ ಹೆಚ್ಚು ಜೈಲಿನಲ್ಲಿ ಕಳೆದಿದ್ದರು. 50 ದಿನ ಒಳಗಿದ್ದ ನಂಬಿ ನಾರಾಯಣನ್ ಅವರು ಬಿಡದೆ ಹೋರಾಡಿ, 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟಿನಿಂದ 50 ಲಕ್ಷ ಪರಿಹಾರದ ಆದೇಶ ಪಡೆದರು. 2020ರಲ್ಲಿ ಕೇರಳ ಸರಕಾರ ಇನ್ನೂ 1.3 ಕೋಟಿ ಕೊಟ್ಟಿತು. ಅವರಿಗೆ ಪದ್ಮಭೂಷಣವೂ ಬಂತು, ಸಿನಿಮಾವೂ ಬಂತು. ಅದು ನ್ಯಾಯವೇ. ಬೆಂಗಳೂರಿನ ಚಂದ್ರಶೇಖರ್ ಆ ತೀರ್ಪು ಬಂದಾಗ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಎರಡು ದಿನದಲ್ಲಿ ತೀರಿಕೊಂಡರು. ಫೌಝಿಯಾ 2022ರಲ್ಲಿ ತೀರಿಕೊಂಡರು. ಅವರಿಗೆ ಯಾರೂ ಸಿನಿಮಾ ಮಾಡಲಿಲ್ಲ.

ಆ ಕೇಸು ಕಟ್ಟಿದ ಕೆಲವು ಮಾಜಿ ಅಧಿಕಾರಿಗಳ ಮೇಲೆ 2024ರಲ್ಲಿ ಸಿ.ಬಿ.ಐ. ದೋಷಾರೋಪ ಪಟ್ಟಿ ಸಲ್ಲಿಸಿದೆ. ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಈಗ ಅವರೂ ಆರೋಪಿಗಳು.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಒಂದು ವಿಷಯ ಹೇಳುತ್ತೇನೆ. ಕಾಸರಗೋಡಿನ ಸಂಸದರಾಗಿದ್ದ ಎ.ಕೆ. ಗೋಪಾಲನ್ ಅವರ ಹೇಳಿಕೆಯೊಂದರ ಮೇಲೆ ನ್ಯಾಯಾಂಗ ನಿಂದನೆಯ ಕೇಸು ನಡೆದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕೊಲೆ ಕೇಸಿನ ಬಗ್ಗೆ ಕೊಟ್ಟ ಹೇಳಿಕೆ. 1969ರಲ್ಲಿ ಎ.ಕೆ.ಜಿ. ಅವರನ್ನು ಬಿಡುಗಡೆ ಮಾಡುವಾಗ ಕೋರ್ಟ್ ನೋಡಿದ್ದು, ಹೇಳಿಕೆ ಕೊಟ್ಟಾಗ ಬಂಧನ ಆಗಿತ್ತೇ ಎಂಬುದನ್ನು. ಅಂದರೆ ಒಬ್ಬನನ್ನು ಬಂಧಿಸಿದ ಮೇಲೆ ಅವನ ವಿಚಾರಣೆಗೆ ಅಡ್ಡಿಯಾಗುವಂತೆ ಬರೆಯಬಾರದು ಎಂಬ ಗೆರೆ. ಆದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆ ಆ ಗೆರೆಯನ್ನು ಮುಂದಕ್ಕೆ ಸರಿಸಿತು. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮೇಲೆ ಅಥವಾ ಕೋರ್ಟು ಸಮನ್ಸ್, ವಾರಂಟ್ ಹೊರಡಿಸಿದ ಮೇಲೆಯೇ ಕ್ರಿಮಿನಲ್ ಕೇಸು ‘ಬಾಕಿ ಇದೆ’ ಎಂದಾಗುತ್ತದೆ. ಸೋರಿಕೆಯೆಲ್ಲ ನಡೆಯುವುದು ಬಂಧನದಿಂದ ದೋಷಾರೋಪ ಪಟ್ಟಿಯವರೆಗಿನ ತಿಂಗಳುಗಳಲ್ಲಿ. ಅಲ್ಲಿ ಬೇಲಿಯೇ ಇಲ್ಲ. 2006ರಲ್ಲಿ ಕಾನೂನು ಆಯೋಗ ತನ್ನ 200ನೇ ವರದಿಯಲ್ಲಿ ಇದನ್ನೇ ಎತ್ತಿ ತೋರಿಸಿ, ಬಂಧನದ ದಿನದಿಂದಲೇ ರಕ್ಷಣೆ ಇರಲಿ ಎಂದಿತು. ಕಾಯ್ದೆ ಬದಲಾಗಲಿಲ್ಲ.

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ, ಇದು 1872ರಿಂದ ಇರುವ ನಿಯಮ, ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಇದೆ. ಕೋರ್ಟಿನಲ್ಲಿ ಓದಲಾಗದ ಅದೇ ತಪ್ಪೊಪ್ಪಿಗೆ ಟಿವಿಯಲ್ಲಿ ‘ಬಾಯಿಬಿಟ್ಟ’ ಎಂದು ಬರುತ್ತದೆ. 2023ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್, ಪೊಲೀಸರು ಮಾಧ್ಯಮಕ್ಕೆ ಏನು ಹೇಳಬಹುದು, ಹೇಗೆ ಹೇಳಬಹುದು ಎಂಬ ಕೈಪಿಡಿಯನ್ನು ಮೂರು ತಿಂಗಳಲ್ಲಿ ತಯಾರಿಸಿ ಎಂದು ಕೇಂದ್ರ ಗೃಹ ಇಲಾಖೆಗೆ ಹೇಳಿತು. ಅತ್ತ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ, ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿ ಡಿಜಿಟಲ್ ರೂಪದಲ್ಲೂ ಕಾಣುವಂತೆ ಹಾಕಬೇಕು ಎನ್ನುತ್ತದೆ. ಒಬ್ಬನನ್ನು ಗುಟ್ಟಾಗಿ ಹಿಡಿದಿಡಬಾರದು ಎಂಬ ಒಳ್ಳೆಯ ಉದ್ದೇಶಕ್ಕೆ ಬಂದ ಏರ್ಪಾಡು. ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ಮನೆಯವರಿಗೆ ಉಪಯೋಗವಾಗುವ ಒಂದೆರಡು ಮಾತು. ಬಂಧಿಸಿದರೆ ಹತ್ತಿರದವರೊಬ್ಬರಿಗೆ ತಿಳಿಸಬೇಕಾದದ್ದು ಪೊಲೀಸರ ಕರ್ತವ್ಯ, ವಿಚಾರಣೆಯ ನಡುವೆ ವಕೀಲರನ್ನು ಕಾಣುವುದು ಹುಡುಗನ ಹಕ್ಕು. ವಕೀಲರಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ. ಕ್ಯಾಮರಾದವರಿಗೆ ಉತ್ತರ ಕೊಡಲೇಬೇಕು ಎಂಬ ಕಾನೂನು ಎಲ್ಲೂ ಇಲ್ಲ. ಮಾತಾಡುವುದಿದ್ದರೆ ಬರೆದು, ವಕೀಲರಿಗೆ ತೋರಿಸಿ, ಒಬ್ಬರೇ ಓದಿ. ನಿಕಾಹ್‌ನ ಆಲ್ಬಮಿನಿಂದ ಫೋಟೋ ಕೊಡಬೇಡಿ. ಕೊಟ್ಟದ್ದರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ, ನೆಂಟರೂ ಇರುತ್ತಾರೆ. ಪತ್ರಿಕೆಯ ಮೇಲೆ ಪ್ರೆಸ್ ಕೌನ್ಸಿಲಿಗೆ ದೂರು ಕೊಡಬಹುದು. ಅದು ತರಾಟೆಗೆ ತೆಗೆದುಕೊಳ್ಳಬಹುದು, ದಂಡ ಹಾಕಲಾರದು. ಆದರೂ ದೂರು ಒಂದು ದಾಖಲೆ. ಬಂದ ಸುದ್ದಿಗಳನ್ನು ತಾರೀಕು ಸಮೇತ ಕತ್ತರಿಸಿ ಫೈಲ್ ಮಾಡಿ, ವಿಡಿಯೋಗಳನ್ನು ಇಳಿಸಿ ಇಡಿ. ಮುಂದೆ ಎಂದಾದರೂ ಮಾನನಷ್ಟದ ಕೇಸು ಹಾಕಬೇಕಾದರೆ, ಪರಿಹಾರ ಕೇಳಬೇಕಾದರೆ, ಯಾರು ಯಾವ ದಿನ ಏನು ಹೇಳಿದರು ಎಂಬುದು ವಕೀಲರಿಗೆ ಮೊದಲು ಬೇಕಾಗುತ್ತದೆ.